ಸುರಪುರದ ರಾಜಾ ವೆಂಕಟಪ್ಪ ನಾಯಕರ ಅಲ್ಪಾಯುಷ್ಯದ ಚರಿತ್ರೆ

ಕೃಷ್ಣಾ ಭೀಮಾ ನದಿಗಳ ನಡುವಣ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ರಾಜಾ ವೆಂಕಟಪ್ಪ ನಾಯಕರ ಹೆಸರನ್ನು ಹೊಸದಾಗಿ ತಿಳಿಸಬೇಕಾದುದಿಲ್ಲ. ಭೀಮೆಯ ಈಚೆಗಿರುವ ಯಾದಗಿರಿ, ಸೈದಾಪುರ, ಕಡೇಚೂರು ಮೊದಲಾದ ಊರುಗಳಲ್ಲಿಯೂ ಅವರ ಹೆಸರನ್ನು ಹಿರಿಯರ ಬಾಯಿಂದ ಕೇಳದ ಮನೆಗಳು ವಿರಳ. 1858ರಲ್ಲಿ ಕಂಪನಿ ಸರಕಾರದ ದಂಡಿಗೆ ಎದುರಾಗಿ ನಿಂತು ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ ವೀರರೆಂದು ಜನರು ಅವರನ್ನು ನೆನೆಯುತ್ತಾರೆ. ಆ ನೆನಪು ಯೋಗ್ಯವಾದುದೇ ಸರಿ. ಆದರೆ ಆ ಕಾಳಗವು ನಡೆದುದು ಒಂದೆರಡು ದಿನಗಳ ಮಾತು. ಅದಕ್ಕಿಂತ ಮುಂಚೆ ಅವರು ಬಾಳಿದ ಇಪ್ಪತ್ತುಮೂರು ವರ್ಷಗಳ ವಿಷಯವಾಗಿ ನಮ್ಮಲ್ಲಿ ಮಾತನಾಡುವವರು ಕಡಿಮೆ. ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಒಂದು ಮಗುವನ್ನು ಯಾರು ಯಾರು ಬೆಳೆಸಿದರು, ಏನೇನು ಕಲಿಸಿದರು, ಏನನ್ನು ಕಲಿಸದೆ ಬಿಟ್ಟರು ಎಂಬುದು ಈ ಚರಿತ್ರೆಯ ತಿರುಳು. ಮಕ್ಕಳನ್ನು ಶಾಲೆಗೆ ಒಪ್ಪಿಸಿರುವ ತಂದೆತಾಯಿಗಳೂ, ಇದೇ ಶಾಲೆಯಲ್ಲಿ ಕಲಿತು ಈಗ ತಾವೇ ಮಕ್ಕಳನ್ನು ಸಾಕುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಈ ಸಂಗತಿಗಳನ್ನು ಮನಸ್ಸಿಟ್ಟು ಓದುವರೆಂದು ನಂಬುತ್ತೇವೆ.

ಸುರಪುರದ ಅರಸರು ಬೇಡ ಕುಲದ ನಾಯಕರು. ಈ ಮನೆತನದ ಕೀರ್ತಿಯು ಮೊದಲು ಹಬ್ಬಿದುದು ವಾಗಣಗೇರಿಯ ಕೋಟೆಯಿಂದ. 1705ರಲ್ಲಿ ಮೊಗಲ ಬಾದಶಹನಾದ ಔರಂಗಜೇಬನು ತನ್ನ ಇಳಿವಯಸ್ಸಿನಲ್ಲಿ ತಾನೇ ದಂಡು ತೆಗೆದುಕೊಂಡು ಬಂದು ಈ ಕೋಟೆಗೆ ಮುತ್ತಿಗೆ ಹಾಕಿದನು. ಅವನು ಸ್ವತಃ ನಡೆಯಿಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಕೋಟೆಯೇನೋ ಬಾದಶಹನ ವಶವಾಯಿತು; ಆದರೆ ನಾಯಕನು ಅವನ ಕೈಗೆ ಸಿಕ್ಕಲಿಲ್ಲ. ಬಾದಶಹನು ಸಮೀಪದ ದೇವಾಪುರದಲ್ಲಿ ಪಾಳೆಯವಿಳಿದು ಕಾಯಿಲೆಯಿಂದ ಮಲಗಿದನು. ಎರಡು ವರ್ಷಗಳೊಳಗಾಗಿ ಅಹಮದನಗರದಲ್ಲಿ ತೀರಿಕೊಂಡನು. ತರುವಾಯ ಪಿಡ್ಡ ನಾಯಕನ ಕಾಲದಲ್ಲಿ ಗುಡ್ಡಗಳ ನಡುವೆ ಸುರಪುರವು ರಾಜಧಾನಿಯಾಗಿ ಬೆಳೆಯಿತು. ಆ ಮನೆಯಲ್ಲಿ ಹುಟ್ಟಿದ ಪ್ರತಿಯೊಂದು ಗಂಡು ಮಗುವೂ ತೊಟ್ಟಿಲಿನಲ್ಲಿಯೇ ಈ ಕಥೆಯನ್ನು ಕೇಳಿ ಬೆಳೆಯುತ್ತಿದ್ದಿತು. ದಿಲ್ಲಿಯ ಬಾದಶಹನಿಗೂ ಮಣಿಯದ ಮನೆತನ ಎಂಬ ಅಭಿಮಾನವು ಅದರ ರಕ್ತದಲ್ಲಿ ಬೆರೆತಿದ್ದಿತು.

ಪರಂತು ನೂರು ವರ್ಷಗಳು ಕಳೆಯುವಷ್ಟರಲ್ಲಿ ಕಾಲವು ಬದಲಾಯಿತು. ಸುರಪುರವು ಹೈದರಾಬಾದಿನ ನಿಜಾಮ ಸರಕಾರಕ್ಕೆ ಪೇಷ್ಕಷ್ ಸಲ್ಲಿಸುವ ಸಂಸ್ಥಾನವಾಗಿದ್ದಿತು. ಇದಲ್ಲದೆ ಹೊಸ ಅರಸರು ಪಟ್ಟಕ್ಕೆ ಬರುವಾಗ ದೊಡ್ಡ ಮೊತ್ತದ ನಜರಾಣೆಯನ್ನು ಒಪ್ಪಿಸಬೇಕಾಗುತ್ತಿದ್ದಿತು. ಕೃಷ್ಣಪ್ಪ ನಾಯಕರು ಪಟ್ಟವೇರಿದಾಗ ಒಪ್ಪಿಕೊಂಡ ನಜರಾಣೆಯ ಹೊರೆಯು ಬಲು ಭಾರವಾದುದಾಗಿತ್ತು. ಸಾಲದ ಮೇಲೆ ಸಾಲ ಬೆಳೆಯಿತು. ಸಾಹುಕಾರರು ಬಾಗಿಲಲ್ಲಿ ಕುಳಿತರು. ಬಾಕಿಯ ವಸೂಲಿಗಾಗಿ ಹೈದರಾಬಾದಿನವರ ಒತ್ತಾಯವು ಹೆಚ್ಚಿತು. ಹೈದರಾಬಾದಿನಲ್ಲಿದ್ದ ಕಂಪನಿ ಸರಕಾರದ ರೆಸಿಡೆಂಟರು ನಡುವೆ ಬಂದರು. ಹೀಗೆ ಸಂಸ್ಥಾನವು ಸಾಲದ ಬಲೆಯಲ್ಲಿ ಸಿಕ್ಕಿ ತೊಳಲುತ್ತಿರುವಾಗಲೇ ಕೃಷ್ಣಪ್ಪ ನಾಯಕರು ಕಾಲವಾದರು. ಅವರ ಮಗನಾದ ವೆಂಕಟಪ್ಪನು 1834ರಲ್ಲಿ ಹುಟ್ಟಿದವನು. ಆಗಿನ್ನೂ ಏಳೆಂಟು ವರ್ಷದ ಬಾಲಕನು.

ಸಂಸ್ಥಾನವನ್ನು ನಡೆಯಿಸುವವರು ಯಾರು ಎಂಬ ಜಗಳವು ಕೂಡಲೇ ಮೊದಲಾಯಿತು. ತಾಯಿಯಾದ ರಾಣಿ ಈಶ್ವರಮ್ಮನವರು ಮಗನ ಪರವಾಗಿ ತಾವೇ ರಾಜ್ಯವಾಳಬೇಕೆಂದು ಹಟ ಹಿಡಿದರು. ಅವರು ದಿಟ್ಟೆಯೂ ಚತುರೆಯೂ ಆಗಿದ್ದರು; ಬೇಡರಲ್ಲಿ ಎಷ್ಟೋ ಮಂದಿ ಅವರ ಪಕ್ಷದವರಾಗಿದ್ದರು. ತೀರಿಕೊಂಡ ಅರಸರ ತಮ್ಮಂದಿರಾದ ಪಿಡ್ಡ ನಾಯಕರು ಮತ್ತೊಂದು ಪಕ್ಷವಾದರು. ರೆಸಿಡೆಂಟರು ಚಿಕ್ಕಪ್ಪನ ಕಡೆಗೆ ಒಲಿದರು. ಮನೆಯ ಹಿರಿಯರು ಹೀಗೆ ಇಬ್ಭಾಗವಾದಾಗ ಮಗುವಿನ ಮನಸ್ಸಿನ ಮೇಲೆ ಏನು ಪರಿಣಾಮವಾಗುವದೆಂಬುದನ್ನು ತಾಯಂದಿರು ಬಲ್ಲರು. ಯಾರನ್ನು ನಂಬಬೇಕು, ಯಾರಿಗೆ ಹೆದರಬೇಕು ಎಂಬ ಲೆಕ್ಕಾಚಾರವನ್ನು ಆ ಬಾಲಕನು ಅಕ್ಷರಾಭ್ಯಾಸಕ್ಕಿಂತ ಮುಂಚೆಯೇ ಕಲಿಯಬೇಕಾಯಿತು.

ಈ ಜಗಳವನ್ನು ತೀರಿಸುವದಕ್ಕೆಂದು 1841-42ರ ಸುಮಾರಿಗೆ ಸುರಪುರಕ್ಕೆ ಬಂದವರು ಮೆಡೋಸ್ ಟೇಲರ್ ಸಾಹೇಬರು. ಇವರ ಹಿಂದಿನ ಚರಿತ್ರೆಯನ್ನು ಸ್ವಲ್ಪ ಹೇಳುವದು ಅವಶ್ಯ. ಇವರು 1808ರಲ್ಲಿ ಇಂಗ್ಲಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದರು. ತಂದೆಯ ವ್ಯಾಪಾರವು ಕೆಟ್ಟುದರಿಂದ ಹದಿನೈದು ತುಂಬಿದ ಹುಡುಗನಾಗಿರುವಾಗಲೇ ಹಡಗು ಹತ್ತಿ 1824ರಲ್ಲಿ ಮುಂಬಯಿಗೆ ಬಂದರು. ಅಲ್ಲಿ ನಂಬಿ ಬಂದ ವರ್ತಕನ ವ್ಯಾಪಾರವೂ ನಷ್ಟದಲ್ಲಿದ್ದಿತು. ಬಂಧುವೊಬ್ಬರ ಸಹಾಯದಿಂದ ನಿಜಾಮರ ದಂಡಿನಲ್ಲಿ ಕೆಲಸ ದೊರೆಯಿತು. ಶಾಲೆಯ ಓದು ಅರ್ಧಕ್ಕೆ ನಿಂತ ಆ ಹುಡುಗನು ಸ್ವಂತ ಶ್ರಮದಿಂದ ದೇಶಭಾಷೆಗಳನ್ನು ಕಲಿತು, ನ್ಯಾಯ ವಿಚಾರಣೆ, ಭೂಮಿಯ ಅಳತೆ, ಕೆರೆ ರಸ್ತೆಗಳ ಕೆಲಸ ಇವೆಲ್ಲವುಗಳಲ್ಲಿ ಪಳಗಿದನು. 1839ರಲ್ಲಿ ಠಕ್ಕರ ವಿಷಯವಾಗಿ ಬರೆದ ಕಾದಂಬರಿಯಿಂದ ಇಂಗ್ಲಂಡಿನಲ್ಲಿಯೂ ಇವರ ಹೆಸರು ಮನೆಮಾತಾಯಿತು. ಸುರಪುರಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಇವರ ಹೆಂಡತಿಯು ತೀರಿಕೊಂಡರು. ಹೆಣ್ಣುಮಕ್ಕಳು ಕಡಲಾಚೆಯ ದೇಶದಲ್ಲಿ ಬಂಧುಗಳ ಆಶ್ರಯದಲ್ಲಿ ಬೆಳೆಯುತ್ತಿದ್ದರು. ಹೀಗೆ ಮಕ್ಕಳಿಂದ ಅಗಲಿದ ತಂದೆಯೂ, ತಂದೆಯಿಲ್ಲದ ಮಗುವೂ ಸುರಪುರದ ಗುಡ್ಡದ ಮೇಲೆ ಒಟ್ಟುಗೂಡಿದರು.

ಮೊದಮೊದಲು ರಾಣಿಯವರಿಗೆ ಸಾಹೇಬರ ಮೇಲೆ ನಂಬಿಕೆಯಿರಲಿಲ್ಲ. ಸಂಸ್ಥಾನದ ಮುದ್ರೆಗಳನ್ನು ಒಪ್ಪಿಸುವದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. ದೊಡ್ಡ ದಂಡು ಬರುವದಕ್ಕೆ ಮೊದಲೇ ಸಾಹೇಬರು ಮಾತಿನಿಂದಲೂ ತಾಳ್ಮೆಯಿಂದಲೂ ಕೆಲಸವನ್ನು ಸಾಧಿಸಿದರು. ಪಿಡ್ಡ ನಾಯಕರ ಹೆಸರಿನಲ್ಲಿ ಆಡಳಿತವು ಆರಂಭವಾಯಿತಾದರೂ ಕೆಲವು ಕಾಲದಲ್ಲಿ ಕಾರಭಾರವೆಲ್ಲವೂ ಸಾಹೇಬರ ಕೈಗೇ ಬಂದಿತು. ಅಂದಿನಿಂದ 1853ರ ವರೆಗೆ ಸಂಸ್ಥಾನದ ಸಾಲ ತೀರಿಸುವದು, ಬೆಳೆಯ ಅಂದಾಜು ನೋಡಿ ಕಂದಾಯ ಕಟ್ಟುವದು, ದಾರಿಗಳನ್ನು ಹಾಕಿಸುವದು, ಕಳ್ಳಕಾಕರನ್ನು ಅಡಗಿಸುವದು, ಇವೆಲ್ಲ ಅವರ ಕೆಲಸವಾದುವು. ಹಳೆಯ ನಾಯಕರ ಕಾಲದಲ್ಲಿ ಕಟ್ಟಿದ ಬೋನಾಳದ ಕೆರೆಯನ್ನು ಅವರು ದುರಸ್ತಿ ಮಾಡಿಸಿದರು. ಇಂದು ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುವ ಕೆರೆಯು ಇದೇ. ಬಿಡುವಿನಲ್ಲಿ ರಾಜನಕೋಳೂರು, ಜೇವರ್ಗಿ ಮೊದಲಾದ ಕಡೆಗಳಲ್ಲಿ ಪೂರ್ವಕಾಲದ ಕಲ್ಲುಗೋರಿಗಳನ್ನು ಶೋಧಿಸಿ ಲೇಖನಗಳನ್ನು ಬರೆದರು. ಗುಡ್ಡದ ಮೇಲೆ ಅವರು ಕಟ್ಟಿಸಿಕೊಂಡ ಮನೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ನಿಂತಿರುತ್ತದೆ.

ಬಾಲರಾಜನ ಶಿಕ್ಷಣವೂ ಸಾಹೇಬರ ಪಾಲಿಗೇ ಬಂದಿತು. ಇಂಗ್ಲಿಷ್ ಪಾಠವನ್ನು ಅವರು ತಾವೇ ಹೇಳಿಕೊಟ್ಟರು. ಹುಡುಗನು ಬುದ್ಧಿಯಲ್ಲಿ ಚುರುಕು, ಕುದುರೆ ಸವಾರಿಯಲ್ಲಿ ಗಟ್ಟಿಗ, ಸ್ವಭಾವದಲ್ಲಿ ಸ್ನೇಹಮಯಿ. ಆದರೆ ಪುಸ್ತಕದ ಮುಂದೆ ಬಹಳ ಹೊತ್ತು ಕುಳಿತಿರುವದು ಅವನಿಗೆ ಒಗ್ಗದು. ಅರಮನೆಯಲ್ಲಿ ತಾಯಿಯ ಮುದ್ದು, ಆಳುಕಾಳುಗಳ ಹೊಗಳಿಕೆ, ಬೇಟೆಗೆ ಕರೆಯುವ ಬೇಡ ಹುಡುಗರ ಸಂಗಡ. ಗುಡ್ಡದ ಮನೆಯಲ್ಲಿ ಪಾಠ, ಶಿಸ್ತು, ಹೊತ್ತಿಗೆ ಸರಿಯಾಗಿ ನಡೆಯುವ ಗಡಿಯಾರ. ಈ ಎರಡು ಲೋಕಗಳ ನಡುವೆ ಅವನು ದಿನದಿನವೂ ಹೋಗಿ ಬರುತ್ತಿದ್ದನು. ಆದಾಗ್ಯೂ ಸಾಹೇಬರ ಮೇಲೆ ಅವನಿಗೆ ನಿಜವಾದ ಪ್ರೀತಿಯುಂಟಾಯಿತು. ಅವರನ್ನು ಅವನು ಅಪ್ಪಾ ಎಂದೇ ಕರೆಯುತ್ತಿದ್ದನು. ಆ ಹೆಸರು ಬಾಯಿಮಾತಿನದಲ್ಲವೆಂಬುದನ್ನು ಮುಂದೆ ನಡೆದ ಸಂಗತಿಗಳು ತೋರಿಸುತ್ತವೆ.

ಈ ವರ್ಷಗಳಲ್ಲಿ ನಡೆದ ಒಂದು ಸಂಗತಿಯನ್ನು ಟೇಲರ್ ಸಾಹೇಬರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾರೆ. ಒಮ್ಮೆ ರಾಣಿಯವರು ಕಾಯಿಲೆಯಿಂದ ಬಹಳ ನೊಂದು, ತಾವು ಉಳಿಯಲಾರೆವೆಂದು ತಿಳಿದು, ಸಾಹೇಬರನ್ನು ರಾತ್ರಿಯ ವೇಳೆಯಲ್ಲಿ ಅರಮನೆಗೆ ಕರೆಯಿಸಿದರು. ಹಾಸಿಗೆಯ ಬಳಿಯಲ್ಲಿ ಮನೆತನದ ಶಾಸ್ತ್ರಿಗಳಿದ್ದರು. ಮಗನ ಜಾತಕವನ್ನು ತೆಗೆದು ಅದರ ಗುಟ್ಟನ್ನು ಸಾಹೇಬರಿಗೆ ತಿಳಿಸಿದರು. ಬಾಲಕನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನು. ಸುರಪುರವನ್ನಾಳುವ ಕಡೆಯ ಅರಸನು ಅವನೇ ಎಂಬುದು ಅದರ ತಾತ್ಪರ್ಯ. ಅಲ್ಲಿಯ ವರೆಗೆ ತಾಯಿಗೂ ಶಾಸ್ತ್ರಿಗಳಿಗೂ ಹೊರತು ಯಾರಿಗೂ ತಿಳಿಯದಿದ್ದ ಆ ಮಾತಿನ ಭಾರವನ್ನು ಸಾಹೇಬರೂ ಹೊರಬೇಕಾಯಿತು. ಸಾಹೇಬರು ಅದನ್ನು ನಂಬಲಿಲ್ಲ, ರಾಣಿಯವರನ್ನು ಸಮಾಧಾನಪಡಿಸಿದರು. ರಾಣಿಯವರು ಆ ಕಾಯಿಲೆಯಿಂದ ಚೇತರಿಸಿಕೊಂಡರು. ಜಾತಕದ ಸತ್ಯಾಸತ್ಯತೆಯನ್ನು ವಿಚಾರಿಸುವದು ನಮ್ಮ ಉದ್ದೇಶವಲ್ಲ. ಮಗನು ಬಾಳಲಾರನೆಂಬ ಭಯವನ್ನು ಎದೆಯಲ್ಲಿಟ್ಟುಕೊಂಡ ತಾಯಿಯು ಅವನ ಯಾವ ಆಸೆಗೂ ಇಲ್ಲವೆನ್ನಲು ಹೇಗೆ ಸಮರ್ಥಳಾದಾಳು ಎಂಬುದನ್ನು ಮಾತ್ರ ನಾವು ನೆನೆಯಬೇಕು. ಮುದ್ದು ಹೆಚ್ಚಾಯಿತೆಂದು ತಾಯಿಯನ್ನು ದೂರುವವರಿಗೆ ಆ ಮುದ್ದಿನ ಹಿಂದಿದ್ದ ಕಣ್ಣೀರು ಕಾಣಿಸುವದಿಲ್ಲ.

1853ರಲ್ಲಿ ಹುಡುಗನು ಪ್ರಾಪ್ತವಯಸ್ಕನಾದುದರಿಂದ ಸಂಸ್ಥಾನವನ್ನು ಅವನಿಗೆ ಒಪ್ಪಿಸಿದರು. ಅದೇ ವರ್ಷದಲ್ಲಿ ನಿಜಾಮ ಸರಕಾರವು ಒಂದು ಕರಾರಿನ ಮೇರೆಗೆ ವರ್ಹಾಡ, ರಾಯಚೂರು ದೋಆಬ, ನಳದುರ್ಗ ಈ ಪ್ರಾಂತಗಳನ್ನು ಕಂಪನಿ ಸರಕಾರದ ಆಡಳಿತಕ್ಕೆ ಬಿಟ್ಟುಕೊಟ್ಟಿದ್ದಿತು. ಟೇಲರ್ ಸಾಹೇಬರನ್ನು ನಳದುರ್ಗಕ್ಕೆ ನಿಯಮಿಸಿದರು. ಅವರು ಒಪ್ಪಿಸಿ ಹೋದ ಸಂಸ್ಥಾನದ ಸ್ಥಿತಿಯು ಅವರು ಬಂದಾಗಿನದಕ್ಕಿಂತ ಎಷ್ಟೋ ಮೇಲಾಗಿದ್ದಿತು. ಹೊರಗಿನಿಂದ ನೋಡುವವರಿಗೆ ಇದಕ್ಕಿಂತ ಶುಭವಾದ ಆರಂಭವು ಕಾಣದು.

ಆದರೆ ಇಲ್ಲಿಯೇ ಒಂದು ದೊಡ್ಡ ಕೊರತೆಯಿದ್ದಿತು. ಹನ್ನೊಂದು ಹನ್ನೆರಡು ವರ್ಷಗಳ ಕಾಲ ಸಂಸ್ಥಾನವು ಚೆನ್ನಾಗಿ ನಡೆಯಿತು ನಿಜ. ಆದರೆ ಅದನ್ನು ನಡೆಯಿಸಿದ ಕೈ ಬೇರೊಬ್ಬರದು. ಲೆಕ್ಕವನ್ನು ಪರಿಶೀಲಿಸಿದವರು ಸಾಹೇಬರು, ತಗಾದೆಗಳನ್ನು ತೀರಿಸಿದವರು ಸಾಹೇಬರು, ಇಲ್ಲವೆನ್ನಬೇಕಾದವರಿಗೆ ಇಲ್ಲವೆಂದವರೂ ಸಾಹೇಬರೇ. ಅರಸನಾಗುವ ಹುಡುಗನು ಭಾಷೆಯನ್ನು ಕಲಿತನು, ಸವಾರಿಯನ್ನು ಕಲಿತನು. ಒಂದು ಚಿಕ್ಕ ಹೋಬಳಿಯ ಭಾರವನ್ನಾದರೂ ಹೊತ್ತು, ತಪ್ಪಿ, ತಿದ್ದಿಕೊಂಡು ಕಲಿಯುವ ಸಂದರ್ಭವು ಅವನಿಗೆ ಒದಗಿದಂತೆ ಕಾಣುವದಿಲ್ಲ. ನಿನ್ನೆಯ ವರೆಗೆ ಹಿರಿಯರ ನೆರಳಿನಲ್ಲಿದ್ದವನು ಇಂದು ಬೆಳಗಾಗುವಷ್ಟರಲ್ಲಿ ಎಲ್ಲಕ್ಕೂ ಒಡೆಯನಾದನು. ನೆರಳು ಕೊಟ್ಟವರು ಅಂದೇ ದೂರದ ಊರಿಗೆ ಹೊರಟುಹೋದರು. ಇದು ಟೇಲರ್ ಸಾಹೇಬರೊಬ್ಬರ ದೋಷವಲ್ಲ. ರಾಜಕುಮಾರರನ್ನು ಸಾಕುವಾಗ ರಾಜ್ಯವನ್ನು ತಮ್ಮ ಕೈಯಲ್ಲಿಟ್ಟುಕೊಂಡು, ವಯಸ್ಸು ತುಂಬಿದ ದಿನ ಒಮ್ಮೆಗೇ ಕೈಬಿಡುವದು ಆಗಿನ ಕಂಪನಿ ಸರಕಾರದ ಪದ್ಧತಿಯಾಗಿದ್ದಿತು.

ಇನ್ನು ಮುಂದೆ ನಾವು ಅವರನ್ನು ರಾಜರೆಂದೇ ಕರೆಯುವೆವು. ಹತ್ತೊಂಬತ್ತು ವರ್ಷದ ತರುಣ ರಾಜರ ಸುತ್ತಲೂ ಹಳೆಯ ಪಕ್ಷಗಳು ಮತ್ತೆ ತಲೆಯೆತ್ತಿದವು. ಹೊಗಳುವವರು ಸೇರಿದರು, ಉಂಬಳಿ ಇನಾಮುಗಳನ್ನು ಬೇಡುವವರು ನೆರೆದರು. ಕಷ್ಟದಿಂದ ಕೂಡಿಟ್ಟ ಹಣವು ಕರಗಿತು. ತೀರಿದ್ದ ಸಾಲವು ಮತ್ತೆ ಬೆಳೆಯಿತು. ನಳದುರ್ಗದಲ್ಲಿದ್ದ ಟೇಲರ್ ಸಾಹೇಬರ ಕಿವಿಗೆ ಈ ಸುದ್ದಿಗಳು ಬೀಳುತ್ತಿದ್ದುವು. ಕೇಳಿ ಮರುಗುವದಲ್ಲದೆ ಅವರು ಬೇರೇನೂ ಮಾಡುವಂತಿರಲಿಲ್ಲ. ರಾಜರಲ್ಲಿ ಕ್ರೌರ್ಯವಿರಲಿಲ್ಲ, ಔದಾರ್ಯವಿದ್ದಿತು, ಅಭಿಮಾನವಿದ್ದಿತು. ಒಳ್ಳೆಯ ಸಲಹೆಯನ್ನೂ ಕೆಟ್ಟ ಸಲಹೆಯನ್ನೂ ಬೇರ್ಪಡಿಸುವ ಅನುಭವವೊಂದೇ ಇರಲಿಲ್ಲ.

ಹೀಗಿರುವಲ್ಲಿ 1857ನೆಯ ವರ್ಷವು ಬಂದಿತು. ಉತ್ತರ ಹಿಂದುಸ್ಥಾನದಲ್ಲಿ ಸಿಪಾಯಿಗಳು ಕಂಪನಿ ಸರಕಾರದ ಮೇಲೆ ಎದ್ದ ಸುದ್ದಿಯು ದಕ್ಷಿಣಕ್ಕೂ ಹಬ್ಬಿತು. ಜುಲೈ 17ರಂದು ಹೈದರಾಬಾದಿನಲ್ಲಿ ತುರ್ರೇಬಾಜ್ ಖಾನ್ ಮತ್ತು ಮೌಲವಿ ಅಲ್ಲಾವುದ್ದೀನರ ಮುಂದಾಳುತನದಲ್ಲಿ ಜನರು ರೆಸಿಡೆನ್ಸಿಯ ಮೇಲೆಯೇ ಬಿದ್ದರು. ಕಂಪನಿ ಸರಕಾರವು ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ತಂದುದರಿಂದ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿಬಿದ್ದು ನವೆಂಬರ ತಿಂಗಳಲ್ಲಿ ಕಾದಾಡಿ ಮಡಿದರು. ಕತ್ತಿ ಬಂದೂಕುಗಳನ್ನು ಮಾನದಂತೆ ಕಾಪಾಡಿಕೊಂಡು ಬಂದ ಕುಲಕ್ಕೆ ಆ ಸುದ್ದಿಯು ಬೆಂಕಿಯಂತೆ ತಗಲಿತು. ಉತ್ತರದಿಂದ ಗುಪ್ತವಾಗಿ ದೂತರು ಬಂದರು. ಸುರಪುರದಲ್ಲಿ ಅರಬರು, ರೋಹಿಲರು ಸೇರತೊಡಗಿದರು. ಬೇಡರು ಹಳ್ಳಿಹಳ್ಳಿಗಳಿಂದ ಬಂದು ಗುಡ್ಡದಲ್ಲಿ ನೆರೆದರು. ಔರಂಗಜೇಬನನ್ನು ಎದುರಿಸಿದ ಮನೆತನದ ಕುಡಿಯು ಈಗ ಸುಮ್ಮನೆ ಕುಳಿತರೆ ಜನರು ಏನೆಂದಾರು ಎಂಬ ವಿಚಾರವು ಇಪ್ಪತ್ತುಮೂರರ ಹರೆಯದವರ ಮನಸ್ಸಿನಲ್ಲಿ ಹೇಗೆ ಕುದಿದಿರಬೇಕೆಂಬುದನ್ನು ಊಹಿಸಬಹುದು.

ರೆಸಿಡೆಂಟರಾದ ಕರ್ನಲ್ ಡೇವಿಡ್ಸನ್ ಸಾಹೇಬರು ರಾಜರಿಗೆ ಬುದ್ಧಿ ಹೇಳುವದಕ್ಕಾಗಿ ಕ್ಯಾಪ್ಟನ್ ಕ್ಯಾಂಪಬೆಲ್ ಎಂಬವರನ್ನು ಸುರಪುರಕ್ಕೆ ಕಳುಹಿಸಿದರು. ಆ ಮಾತುಕತೆಯು ಫಲಿಸಲಿಲ್ಲ. 1858ರ ಫೆಬ್ರವರಿಯ ಮೊದಲ ಭಾಗದಲ್ಲಿ ಲಿಂಗಸುಗೂರಿನ ಕಡೆಯಿಂದ ಕ್ಯಾಪ್ಟನ್ ವಿಂಡಹಾಮನ ಕೈಕೆಳಗಿನ ದಂಡು ಬಂದು ಸುರಪುರದ ಎದುರಿಗೆ ಇಳಿಯಿತು. ರಾತ್ರಿಯ ವೇಳೆಯಲ್ಲಿ ಬೇಡರೂ ಅರಬರೂ ಪಾಳೆಯದ ಮೇಲೆ ಬಿದ್ದರು. ಬೆಳಗಾದ ಬಳಿಕ ಗುಡ್ಡದ ಬುಡದಲ್ಲಿ ಕಾಳಗವು ನಡೆದು ಕಂಪನಿಯ ಕಡೆಯ ಕ್ಯಾಪ್ಟನ್ ನ್ಯೂಬೆರಿ, ಲೆಫ್ಟೆನೆಂಟ್ ಸ್ಟುವರ್ಟ್ ಎಂಬ ಅಧಿಕಾರಿಗಳಿಬ್ಬರು ಬಿದ್ದರು. ಸುರಪುರದವರಲ್ಲಿ ಬಿದ್ದವರ ಹೆಸರುಗಳನ್ನು ಬರೆದಿಡುವವರಿರಲಿಲ್ಲ. ಅಷ್ಟರಲ್ಲಿ ಕಂಪನಿಯ ಬೇರೆ ದಂಡುಗಳೂ ಸುರಪುರದ ಕಡೆಗೆ ಬರುತ್ತಲಿದ್ದುವು. ಮೂರು ಕಡೆಗಳಿಂದ ಮುತ್ತಿಗೆ ಬೀಳುವದೆಂದು ತಿಳಿದು ರಾಜರು ಆ ರಾತ್ರಿಯೇ ಕೆಲವರು ಸವಾರರೊಡನೆ ಹೈದರಾಬಾದಿನ ಕಡೆಗೆ ಹೊರಟುಹೋದರು. ಅರಸರಿಲ್ಲದ ರಾಜಧಾನಿಯು ಕಂಪನಿಯ ವಶವಾಯಿತು.

ಹೈದರಾಬಾದಿನಲ್ಲಿ ರಾಜರಿಗೆ ಆಶ್ರಯವು ದೊರೆಯಲಿಲ್ಲ. ಪೇಟೆಯಲ್ಲಿ ದಿಕ್ಕುತೋಚದೆ ತಿರುಗುತ್ತಿದ್ದವರನ್ನು ಹಿಡಿದು ದಿವಾನರಾದ ಸಾಲಾರ ಜಂಗರ ಬಳಿಗೆ ಒಯ್ದರು. ಅವರು ರೆಸಿಡೆಂಟರಿಗೆ ಒಪ್ಪಿಸಿದರು. ಸಿಕಂದರಾಬಾದಿನ ದಂಡಿನ ಪಹರೆಯಲ್ಲಿ ಅವರನ್ನು ಸೆರೆಯಲ್ಲಿಟ್ಟು ವಿಚಾರಣೆಯನ್ನು ನಡೆಯಿಸಿದರು.

ಆಗ ಟೇಲರ್ ಸಾಹೇಬರು ವರ್ಹಾಡ ಪ್ರಾಂತದಲ್ಲಿದ್ದರು. ಸುರಪುರದ ಆಡಳಿತವನ್ನು ಮತ್ತೆ ಅವರಿಗೇ ಒಪ್ಪಿಸಿದುದರಿಂದ ಅವರು ಹೈದರಾಬಾದಿನ ಮೇಲಿಂದ ಬಂದು ಸೆರೆಯಲ್ಲಿದ್ದ ರಾಜರನ್ನು ಕಂಡರು. ಐದು ವರ್ಷಗಳ ಮೇಲೆ ಸಾಕಿದವರೂ ಸಾಕಿಸಿಕೊಂಡವರೂ ಎದುರುಬದುರಾದರು. ರಾಜರು ಅಪ್ಪಾ ಎಂದು ಕೂಗಿ ಅವರ ಕೊರಳನ್ನು ಅಪ್ಪಿಕೊಂಡು ಅತ್ತರು. ಇದರಲ್ಲಿಯ ವಿಪರೀತವನ್ನು ನೋಡಿರಿ. ರಾಜರನ್ನು ಸೆರೆಹಿಡಿದ ಸರಕಾರವೂ ಆ ಅಪ್ಪನು ಸೇವೆ ಮಾಡುತ್ತಿದ್ದ ಸರಕಾರವೂ ಒಂದೇ. ಅಪ್ಪನು ಬಂದುದು ಮಗನನ್ನು ನೋಡುವದಕ್ಕೂ ಹೌದು. ಈ ಬಂಡಾಯಕ್ಕೆ ಚಿತಾಯಿಸಿದವರು ಯಾರೆಂಬುದನ್ನು ಅವನ ಬಾಯಿಂದ ಹೊರಡಿಸುವದಕ್ಕೂ ಹೌದು. ಹೆಸರುಗಳನ್ನು ಹೇಳಿದರೆ ಶಿಕ್ಷೆಯು ಹಗುರವಾಗುವ ಸಂಭವವಿದ್ದಿತು. ರಾಜರು ಹೇಳಲಿಲ್ಲ. ತಮ್ಮ ತಪ್ಪನ್ನು ತಾವು ಒಪ್ಪಿಕೊಂಡರು; ಮತ್ತೊಬ್ಬರನ್ನು ತೋರಿಸಿಕೊಟ್ಟು ಪ್ರಾಣವುಳಿಸಿಕೊಳ್ಳಲು ಒಪ್ಪಲಿಲ್ಲ. ಸಾಯುವದಕ್ಕೆ ತಾವು ಹೆದರುವದಿಲ್ಲವೆಂದೂ, ಕಳ್ಳನಂತೆ ಗಲ್ಲಿಗೆ ಹಾಕಿಸಿಕೊಳ್ಳುವ ಅವಮಾನವೊಂದನ್ನು ತಪ್ಪಿಸಬೇಕೆಂದೂ ಬೇಡಿಕೊಂಡರು. ಹೊಗಳುವವರ ಮಾತಿಗೆ ಮರುಳಾದವರೆಂದು ನಾವು ಹಿಂದೆ ಹೇಳಿದ ಆ ತರುಣರೇ ಈಗ ಜೀವದಾಸೆಗೂ ಬಗ್ಗದೆ ನಿಂತರು. ಯಾರ ಪಾಠದಿಂದ ಈ ಗುಣವು ಅವರಿಗೆ ಬಂದಿತೆಂದು ಹೇಳುವದು ಕಷ್ಟ. ತಾಯಿಯಿಂದಲೋ, ತೊಟ್ಟಿಲಿನ ಕಥೆಗಳಿಂದಲೋ, ಗುಡ್ಡದ ಮನೆಯಲ್ಲಿ ಕಂಡ ನಡತೆಯಿಂದಲೋ.

ವಿಚಾರಣೆಯಲ್ಲಿ ಮರಣದಂಡನೆಯಾಯಿತು. ಡೇವಿಡ್ಸನ್ ಸಾಹೇಬರು ಅದನ್ನು ತಗ್ಗಿಸಿ ಜೀವಾವಧಿ ದೇಶಾಂತರ ಶಿಕ್ಷೆಯನ್ನಾಗಿ ಮಾಡಿದರು. ಗವರ್ನರ್ ಜನರಲ್ಲರು ಅದನ್ನು ಇನ್ನೂ ತಗ್ಗಿಸಿದರು. ಮದ್ರಾಸಿನ ಹತ್ತಿರದ ಚೆಂಗಲಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷ ಇರತಕ್ಕದ್ದು. ನಡತೆಯು ಚೆನ್ನಾಗಿದ್ದರೆ ಸಂಸ್ಥಾನವನ್ನು ಮರಳಿ ಕೊಡುವ ಆಸೆಯೂ ಉಂಟು ಎಂದು ಆಜ್ಞೆಯಾಯಿತು. ಈ ವಾರ್ತೆಯು ಸುರಪುರದಲ್ಲಿದ್ದ ಟೇಲರ್ ಸಾಹೇಬರಿಗೆ ಮುಟ್ಟಿದಾಗ ಅವರ ಸಂತೋಷಕ್ಕೆ ಮಿತಿಯಿರಲಿಲ್ಲ. ಜಾತಕವನ್ನು ಬಲ್ಲ ಶಾಸ್ತ್ರಿಗಳಿಗೆ ಅವರು ಆ ಭವಿಷ್ಯವು ಸುಳ್ಳಾಯಿತೆಂದು ತಿಳಿಸಿದರು. ವರ್ಷವು ಇನ್ನೂ ಮುಗಿದಿಲ್ಲವೆಂಬುದೇ ಆ ಮುದುಕರ ಉತ್ತರವಾಗಿದ್ದಿತೆಂದು ಸಾಹೇಬರು ಬರೆದಿರುತ್ತಾರೆ.

ಆ ಬೇಸಿಗೆಯಲ್ಲಿಯೇ ರಾಜರನ್ನು ಪಹರೆಯೊಡನೆ ಸಿಕಂದರಾಬಾದಿನಿಂದ ಹೊರಡಿಸಿದರು. ಮೊದಲನೆಯ ಬಿಡಾರದಲ್ಲಿಯೇ ಪಹರೆಯ ಅಧಿಕಾರಿಯು ತನ್ನ ಪಿಸ್ತೂಲನ್ನು ಡೇರೆಯಲ್ಲಿಟ್ಟು ಹೊರಗೆ ಹೋಗಿದ್ದಾಗ ಗುಂಡಿನ ಸದ್ದು ಕೇಳಿಸಿತು. ಜನರು ಓಡಿಬಂದು ನೋಡುವಷ್ಟರಲ್ಲಿ ರಾಜರ ಪ್ರಾಣವು ಹೋಗಿದ್ದಿತು. ಪಿಸ್ತೂಲನ್ನು ಕೈಯಲ್ಲಿ ಹಿಡಿದು ನೋಡುವಾಗ ಅದು ಅಕಸ್ಮಾತ್ತಾಗಿ ಹಾರಿತೋ, ಕೋಟೆಯ ಸೆರೆವಾಸಕ್ಕಿಂತ ಮರಣವೇ ಲೇಸೆಂದು ಅವರೇ ಹಾರಿಸಿಕೊಂಡರೋ, ಕಣ್ಣಾರೆ ಕಂಡವರಿಲ್ಲ. ಅವರನ್ನು ಇಂಗ್ಲಿಷರೇ ಕೊಂದರೆಂದು ನಂಬುವವರೂ ನಮ್ಮ ನಾಡಿನಲ್ಲಿ ಇದ್ದಾರೆ. ಜಾತಕದಲ್ಲಿ ಹೇಳಿದ ಇಪ್ಪತ್ತನಾಲ್ಕನೆಯ ವರ್ಷವು ಆಗಿನ್ನೂ ನಡೆಯುತ್ತಲಿದ್ದಿತು. ಶಿಕ್ಷೆಯು ಹಗುರವಾಯಿತೆಂದು ಹಿಗ್ಗಿದ ಸಾಹೇಬರಿಗೆ ಕೆಲವೇ ದಿನಗಳಲ್ಲಿ ಈ ಸುದ್ದಿಯು ಅದೇ ಗುಡ್ಡದ ಮನೆಯಲ್ಲಿ ಮುಟ್ಟಿತು. ಹುಡುಗನು ಪಾಠ ಓದಿದ ಮನೆಯು ಅದು.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ಸುರಪುರ ಸಂಸ್ಥಾನವು ಇಂಗ್ಲಿಷರ ವಶದಲ್ಲಿದ್ದು, 1860ರ ಕರಾರಿನ ಮೇರೆಗೆ ನಿಜಾಮ ಸರಕಾರಕ್ಕೆ ಹೋಯಿತು. ಬಂಡಾಯದ ಕಾಲದಲ್ಲಿ ನಿಜಾಮರು ತೋರಿದ ಸ್ನೇಹಕ್ಕೆ ಅದು ಪ್ರತಿಫಲವಾಯಿತು. ಅದೇ ವರ್ಷ ಟೇಲರ್ ಸಾಹೇಬರು ದೇಹಾಲಸ್ಯದಿಂದ ಈ ದೇಶವನ್ನು ಬಿಟ್ಟರು. 1875ರಲ್ಲಿ ಸಾಲಾರ ಜಂಗರ ಕರೆಯ ಮೇರೆಗೆ ಇನ್ನೊಮ್ಮೆ ಹೈದರಾಬಾದಿಗೆ ಬಂದು, ಜ್ವರಕ್ಕೆ ತುತ್ತಾಗಿ ಹಿಂದಿರುಗುವಾಗ 1876ರಲ್ಲಿ ಫ್ರಾನ್ಸಿನ ಮಾಂತೋ ಎಂಬ ಊರಿನಲ್ಲಿ ತೀರಿಕೊಂಡರು. ಅವರ ಮಗಳು 1877ರಲ್ಲಿ ಪ್ರಕಟಿಸಿದ ಆತ್ಮಚರಿತ್ರೆಯಿಂದಲೇ ಬಾಲರಾಜನ ಬಾಲ್ಯದ ಸಂಗತಿಗಳಲ್ಲಿ ಬಹುಭಾಗವು ನಮಗೆ ತಿಳಿದುಬಂದಿದೆ. ಆದುದರಿಂದ ಒಂದು ಮಾತನ್ನು ಮರೆಯಲಾಗದು. ಈ ಚರಿತ್ರೆಯನ್ನು ನಾವು ಕೇಳುತ್ತಿರುವದು ಸಾಕಿದವರ ಬಾಯಿಂದ. ಸಾಕಿಸಿಕೊಂಡವರು ತಮ್ಮ ಮನಸ್ಸಿನಲ್ಲಿದ್ದುದನ್ನು ಬರೆದಿಡಲಿಲ್ಲ. ರಾಣಿ ಈಶ್ವರಮ್ಮನವರೂ ಬರೆದಿಡಲಿಲ್ಲ. ಬರೆದಿದ್ದರೆ ಇದೇ ಕಥೆಯು ಬೇರೆ ಬಣ್ಣದಲ್ಲಿ ಕಾಣುತ್ತಿದ್ದಿತೋ ಏನೋ. ನಮ್ಮ ಹೆಣ್ಣುಮಕ್ಕಳು ಓದುಬರಹವನ್ನು ಕಲಿಯಬೇಕೆಂಬುದಕ್ಕೆ ಇದೂ ಒಂದು ಕಾರಣವೆಂದು ತಿಳಿಯಬೇಕು.

1948ರಲ್ಲಿ ನಿಜಾಮರ ರಾಜ್ಯವು ಭಾರತದೊಡನೆ ಸೇರಿತು. 1956ರಲ್ಲಿ ಈ ಸೀಮೆಯು ಕನ್ನಡ ನಾಡಿನೊಳಗಾಯಿತು. ಗುಲ್ಬರ್ಗ ಜಿಲ್ಲೆಯಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಯಲ್ಲಿ ಈಗ ಸುರಪುರವು ತಾಲೂಕಿನ ಊರಾಗಿದೆ. ನಾಯಕರ ಮನೆತನದವರು ಅಲ್ಲಿ ಇಂದಿಗೂ ಇರುತ್ತಾರೆ. ವೇಣುಗೋಪಾಲ ಸ್ವಾಮಿಯ ಗುಡಿಯಲ್ಲಿ ಉತ್ಸವವು ಇಂದಿಗೂ ನಡೆಯುತ್ತದೆ. ಜಾತಕವು ಹೇಳಿದ್ದು ಆಳುವ ಅರಸರ ಮಾತು. ಜನರ ನೆನಪಿನ ಮಾತನ್ನು ಅದು ಹೇಳಿರಲಿಲ್ಲ.

ರಾಜಾ ವೆಂಕಟಪ್ಪ ನಾಯಕರಿಗೆ ಪ್ರೀತಿಯ ಕೊರತೆಯಿರಲಿಲ್ಲ. ತಾಯಿಯು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದರು. ಪರದೇಶದಿಂದ ಬಂದ ಗುರುವು ಹೆತ್ತ ಮಗನಂತೆ ಪ್ರೀತಿಸಿದರು. ಬೇಡರು ಅವರಿಗಾಗಿ ಪ್ರಾಣ ಕೊಡಲು ಸಿದ್ಧರಾಗಿದ್ದರು. ಆದರೆ ಒಬ್ಬರ ಪ್ರೀತಿಯು ಭಯದಿಂದ ಬಿಗಿದಿದ್ದಿತು, ಮತ್ತೊಬ್ಬರ ಪ್ರೀತಿಯು ಅಧಿಕಾರದೊಡನೆ ಬೆರೆತಿದ್ದಿತು, ಮೂರನೆಯವರ ಪ್ರೀತಿಯು ಹಳೆಯ ಪೌರುಷವನ್ನು ಮರಳಿ ತೋರಿಸೆಂದು ಕೇಳುತ್ತಿದ್ದಿತು. ಈ ಮೂವರೂ ಒಂದೆಡೆಯಲ್ಲಿ ಕುಳಿತು ಮಗುವಿಗೆ ಏನು ಬೇಕೆಂದು ವಿಚಾರಿಸಿದ ದಿನವು ಬರಲೇ ಇಲ್ಲ. ತಾನೇ ತೂಗಿ ನೋಡಿ ನಿರ್ಣಯಿಸುವ ಅಭ್ಯಾಸವು ಚಿಕ್ಕ ಚಿಕ್ಕ ಕೆಲಸಗಳಿಂದ, ಚಿಕ್ಕ ಚಿಕ್ಕ ತಪ್ಪುಗಳಿಂದ, ದಿನದಿನವೂ ಬೆಳೆಯಬೇಕಾದುದು. ಅವರು ತಾವಾಗಿ ಮಾಡಿದ ಮೊದಲನೆಯ ದೊಡ್ಡ ನಿರ್ಣಯಕ್ಕೆ ರಾಜ್ಯವೇ ಬೆಲೆಯಾಯಿತು. ಮತ್ತೊಬ್ಬರ ಹೆಸರನ್ನು ಹೇಳೆನೆಂಬ ಕಡೆಯ ನಿರ್ಣಯವಾದರೋ ಪೂರ್ಣವಾಗಿ ಅವರದೇ ಆಗಿದ್ದಿತು. ಅದರಲ್ಲಿ ಅವರು ಯಾರ ನೆರಳಿನಲ್ಲಿಯೂ ನಿಂತಿರಲಿಲ್ಲ. ಸುರಪುರದ ಜನರು ಅವರನ್ನು ಇಂದಿಗೂ ಗೌರವದಿಂದ ನೆನೆಯುವದಕ್ಕೆ ಇದೊಂದೇ ಕಾರಣವು ಸಾಕು.